ನಮ್ಮ ಬೀದಿ ರಸ್ತೆಗೆ ದುಡ್ಡು ಯಾವ ಡಬ್ಬಿಯಿಂದ ಬರುತ್ತೆ?

ಕಳೆದ ವಾರ ಭಾವ ಫೋನ್ ಮಾಡಿದ್ದರು. ಚಿಕ್ಕಮಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ ಮನೆ ಕಟ್ಟಿ ಏಳು ವರ್ಷ ಆಯ್ತು. ಈಚೆಗೆ ಬಿ ಖಾತಾ, ಅಂದರೆ ಪೂರ್ತಿ ಅನುಮೋದನೆ ಇಲ್ಲದ ಬಡಾವಣೆಯ ಆಸ್ತಿಯನ್ನು ಕಂದಾಯಕ್ಕೆ ಸೇರಿಸುವ ದಾಖಲೆ, ಸಿಕ್ಕಿದೆ, ಮೊದಲ ಸಲ ಕಂದಾಯವನ್ನೂ ಕಟ್ಟಿದ್ದಾರೆ. ರಸೀದಿ ಕೈಗೆ ಬಂದ ಮೇಲೆ ಒಂದು ಧೈರ್ಯ ಬರುತ್ತಲ್ಲ, ಆ ಧೈರ್ಯದಲ್ಲೇ ಕೇಳಿದರು: "ಏನ್ ಮಾರಾಯ, ಇಷ್ಟು ದುಡ್ಡು ಕಟ್ಟಿದೀನಿ. ಮನೆ ಮುಂದೆ ಕೆಸರು ಹಾಗೇ ಇದೆ. ಆ ದುಡ್ಡು ಎಲ್ಲಿಗೆ ಹೋಯ್ತು?"

ಇದು ಭಾವ ಒಬ್ಬರ ಪ್ರಶ್ನೆ ಅಲ್ಲ. ರಾಜ್ಯದಲ್ಲಿ 2025ರಲ್ಲಿ ಬಿ ಖಾತಾ ಅಭಿಯಾನ ನಡೆದ ಮೇಲೆ ಹೊಸದಾಗಿ ಕಂದಾಯದ ಪಟ್ಟಿಗೆ ಸೇರಿದ ಮನೆಗಳಲ್ಲೆಲ್ಲ ಇದೇ ಮಾತು. ಮಳೆಗಾಲ ಮುಗಿದು ಗುಂಡಿಗಳು ಬಾಯಿ ತೆರೆದಾಗ ಹಳೆ ಬಡಾವಣೆಯವರೂ ಇದನ್ನೇ ಕೇಳುತ್ತಾರೆ. ಒಂದೇ ಸಾಲಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಹಾಗಾಗಿ ಈ ಬರಹ.

ಮೊದಲು ಒಂದು ಹೋಲಿಕೆ ಮನಸ್ಸಿನಲ್ಲಿರಲಿ. ನಮ್ಮ ಅಮ್ಮಂದಿರು ಅಡುಗೆಮನೆಯ ಡಬ್ಬಿಗಳಲ್ಲಿ ದುಡ್ಡು ಇಡುತ್ತಿದ್ದರು. ಸಾಸಿವೆ ಡಬ್ಬಿಯದ್ದು ಹಾಲಿಗೆ, ಕಡಲೆಬೇಳೆ ಡಬ್ಬಿಯದ್ದು ಚೀಟಿಗೆ, ಮೇಲಿನ ಹಲಗೆಯ ಡಬ್ಬಿಯದ್ದು ಗೌರಿ ಹಬ್ಬಕ್ಕೆ. ಹಬ್ಬದ ಡಬ್ಬಿ ತುಂಬಿದ್ದರೂ ಹಾಲಿನವನಿಗೆ "ನಾಳೆ ಬಾ" ಅಂತ ಹೇಳುವ ದಿನ ಬರುತ್ತಿತ್ತು. ನಗರಸಭೆಯ ಖಜಾನೆಯೂ ಹೆಚ್ಚುಕಮ್ಮಿ ಹೀಗೇ. ಅಲ್ಲಿರೋದು ಒಂದು ಪೆಟ್ಟಿಗೆ ಅಲ್ಲ, ಸಾಲು ಸಾಲು ಡಬ್ಬಿಗಳು. ಒಂದೊಂದರ ಮೇಲೂ ಚೀಟಿ ಅಂಟಿಸಿದೆ. ಕೆಲವು ಚೀಟಿಗಳನ್ನು ಅಂಟಿಸಿದವರು ಬೆಂಗಳೂರಿನಲ್ಲಿದ್ದಾರೆ, ಕೆಲವರು ದಿಲ್ಲಿಯಲ್ಲಿ.

ಮೊದಲ ಪ್ರಶ್ನೆ: ಈ ರಸ್ತೆ ಯಾರದು?

ದುಡ್ಡಿಗಿಂತ ಮೊದಲು ಇದನ್ನು ಬಗೆಹರಿಸಿಕೊಳ್ಳಬೇಕು. ಊರಿನೊಳಗಿನ ಎಲ್ಲ ರಸ್ತೆಯೂ ನಗರಸಭೆಯದ್ದಲ್ಲ.

ಕೆ.ಎಂ. ರಸ್ತೆಯನ್ನೇ ನೋಡಿ. ಕಡೂರು–ಮಂಗಳೂರು ರಸ್ತೆ ಅಂತ ಅದರ ಪೂರ್ತಿ ಹೆಸರು. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರು, ಹೊಸದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 173 ಅದು. ಊರಿನ ಮಧ್ಯೆ ಹಾದು ಹೋದರೂ ಹೆದ್ದಾರಿ ಹೆದ್ದಾರಿಯೇ. ಅದರ ಕೆಲಸಕ್ಕೆ ದುಡ್ಡು ಕೊಡೋದು ಕೇಂದ್ರ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಯವು. ನಗರದ ಗಡಿ ದಾಟಿದ ಕೂಡಲೇ ಹಳ್ಳಿಯ ರಸ್ತೆಗಳು ಗ್ರಾಮ ಪಂಚಾಯಿತಿ ಮತ್ತು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಲೆಕ್ಕಕ್ಕೆ ಬರುತ್ತವೆ. ಇದೆಲ್ಲ ಬಿಟ್ಟು ಉಳಿದ ಒಳರಸ್ತೆಗಳು, ಅಡ್ಡರಸ್ತೆಗಳು, ಓಣಿಗಳು, ಅವುಗಳ ಪಕ್ಕದ ಚರಂಡಿಗಳು ನಗರಸಭೆಯವು.

ಹೀಗಾಗಿ ಒಂದು ತಮಾಷೆ ನಡೆಯುತ್ತದೆ. ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗುವ ಜಾಗದಲ್ಲಿ ಗುಂಡಿ ಬಿದ್ದರೆ, ಗುಂಡಿಯ ಅರ್ಧ ಒಬ್ಬರದು, ಇನ್ನರ್ಧ ಇನ್ನೊಬ್ಬರದು. ಬೈಕಿನವನಿಗೆ ಮಾತ್ರ ಇಡೀ ಗುಂಡಿ.

ಬಡಾವಣೆಗಳಲ್ಲಿ ಇನ್ನೂ ಒಂದು ಗಂಟು ಇದೆ. ಖಾಸಗಿಯವರು ಬಡಾವಣೆ ಮಾಡಿದಾಗ ರಸ್ತೆ, ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಟ್ಟ ಕಾಗದ ಆಗಿಲ್ಲದಿದ್ದರೆ, ಆ ರಸ್ತೆ ಕಣ್ಣಿಗೆ ರಸ್ತೆ, ಕಾಗದದಲ್ಲಿ ಯಾರದೋ ಜಮೀನು. ಸರ್ಕಾರಿ ದುಡ್ಡನ್ನು ಖಾಸಗಿ ಜಮೀನಿಗೆ ಸುರಿಯೋದಕ್ಕೆ ಲೆಕ್ಕಪರಿಶೋಧನೆಯವರು ಬಿಡುವುದಿಲ್ಲ. ಬಿ ಖಾತಾ ಸಿಕ್ಕಿತು ಅಂದರೆ ನಿಮ್ಮ ಆಸ್ತಿ ಕಂದಾಯದ ಪುಸ್ತಕಕ್ಕೆ ಬಂತು ಅಂತ ಅರ್ಥ. ಮನೆ ಮುಂದಿನ ರಸ್ತೆ ನಗರಸಭೆಯ ಹೆಸರಿಗೆ ಬಂದಿದೆಯಾ ಅನ್ನೋದು ಬೇರೆ ಪ್ರಶ್ನೆ. ಭಾವನಿಗೆ ನಾನು ಮೊದಲು ಕೇಳಿದ್ದೇ ಇದು. ಅವರ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಡಬ್ಬಿ: ಊರಿನ ಸ್ವಂತ ದುಡ್ಡು

ಆಸ್ತಿ ತೆರಿಗೆ, ನೀರಿನ ಬಿಲ್ಲು, ಅಂಗಡಿ ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಕಟ್ಟಡ ಪರವಾನಗಿ ಶುಲ್ಕ, ರಸ್ತೆ ಅಗೆಯಲು ಕಟ್ಟುವ ಶುಲ್ಕ. ಇವೆಲ್ಲ ಸೇರಿದರೆ ನಗರಸಭಾ ನಿಧಿ. ಭಾವ ಕಟ್ಟಿದ ದುಡ್ಡು ಬಿದ್ದಿದ್ದು ಈ ಡಬ್ಬಿಗೆ. ಆದರೆ ರಸೀದಿಯಲ್ಲಿ ಕಾಣುವ ಮೊತ್ತ ಪೂರ್ತಿ ಇಲ್ಲೇ ಉಳಿಯುವುದಿಲ್ಲ. ರಸೀದಿಯನ್ನು ಸ್ವಲ್ಪ ಗಮನಿಸಿ ಓದಿ. ತೆರಿಗೆಯ ಕೆಳಗೆ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲುಗಳಿರುತ್ತವೆ. ಗ್ರಂಥಾಲಯಕ್ಕೆ ತೆರಿಗೆಯ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ಇದನ್ನು ನಗರಸಭೆ ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು ಅಷ್ಟೇ.

ಉಳಿದ ದುಡ್ಡಿನಲ್ಲಿ ದಿನದ ಸಂಸಾರ ನಡೆಯಬೇಕು. ಕಸದ ಗಾಡಿಗೆ ಡೀಸೆಲ್, ಹೊರಗುತ್ತಿಗೆಯ ಚಾಲಕರ ಸಂಬಳ, ಕೆಟ್ಟ ಪಂಪಿನ ರಿಪೇರಿ, ಬೀದಿದೀಪದ ಬಲ್ಬು, ಯಗಚಿಯಿಂದ ಬರುವ ನೀರಿನ ಕೊಳವೆ ಒಡೆದರೆ ಅದರ ತೇಪೆ. ಇಷ್ಟೆಲ್ಲ ಆದ ಮೇಲೆ ಮಿಕ್ಕಿದ್ದು ರಸ್ತೆಗೆ. ಗುಂಡಿ ಮುಚ್ಚೋದು, ಚರಂಡಿಯ ಒಡೆದ ಸ್ಲ್ಯಾಬು ಬದಲಿಸೋದು ಸಾಮಾನ್ಯವಾಗಿ ಈ ಡಬ್ಬಿಯಿಂದಲೇ. ಹೊಸ ರಸ್ತೆಗೆ ಇದೊಂದೇ ಸಾಕಾಗುವುದು ಅಪರೂಪ.

ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ ಯಾಕೆ ಕೊಡ್ತಾರೆ ಅಂತ ಈಗ ಹೊಳೆದಿರಬಹುದು. ವರ್ಷದ ಶುರುವಿನಲ್ಲೇ ಈ ಡಬ್ಬಿಯಲ್ಲಿ ಒಂದಿಷ್ಟು ಕಾಸು ಇರಲಿ ಅಂತ.

ಬೆಂಗಳೂರು ಮತ್ತು ದಿಲ್ಲಿಯ ಡಬ್ಬಿಗಳು

ನಗರಸಭೆಗೆ ಬಹಳ ಮುಖ್ಯವಾದದ್ದು ಎಸ್‌ಎಫ್‌ಸಿ ಅನುದಾನ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯ ಸರ್ಕಾರ ತನ್ನ ಆದಾಯದಲ್ಲಿ ಒಂದು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಹಂಚುತ್ತದೆ. ಇದೂ ಒಂದೇ ಡಬ್ಬಿ ಅಲ್ಲ. ಎಸ್‌ಎಫ್‌ಸಿ ವೇತನ ಅಂತ ಒಂದು, ಎಸ್‌ಎಫ್‌ಸಿ ವಿದ್ಯುತ್ ಅಂತ ಒಂದು, ಎಸ್‌ಎಫ್‌ಸಿ ಮುಕ್ತನಿಧಿ ಅಂತ ಇನ್ನೊಂದು. ವೇತನದ್ದು ಕಾಯಂ ನೌಕರರ ಸಂಬಳಕ್ಕೆ. ವಿದ್ಯುತ್ತಿನದ್ದು ನೀರೆತ್ತುವ ಪಂಪು ಮತ್ತು ಬೀದಿದೀಪದ ಕರೆಂಟ್ ಬಿಲ್ಲಿಗೆ. ರಸ್ತೆಯವರು ಆಸೆಗಣ್ಣಿನಿಂದ ನೋಡಬಹುದಾದದ್ದು ಮುಕ್ತನಿಧಿ ಮಾತ್ರ. ಹೆಸರಲ್ಲಿ "ಮುಕ್ತ" ಅಂತಿದ್ದರೂ ಅದಕ್ಕೂ ಕಟ್ಟುಪಾಡು ಇದೆ, ಮುಂದೆ ಹೇಳ್ತೀನಿ.

ಇನ್ನೊಂದು ಕೇಂದ್ರ ಹಣಕಾಸು ಆಯೋಗದ ಅನುದಾನ. 2021-22ರಿಂದ 2025-26ರವರೆಗೆ ನಡೆದದ್ದು 15ನೇ ಆಯೋಗದ ಲೆಕ್ಕ. ಚಿಕ್ಕಮಗಳೂರಿನಂಥ, 10 ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಅದು ಹಾಕಿದ ಷರತ್ತು ಹೀಗಿತ್ತು: 100 ರೂಪಾಯಿ ಬಂದರೆ 30 ರೂಪಾಯಿ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಇನ್ನು 30 ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಉಳಿದ 40 ರೂಪಾಯಿಯನ್ನು ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದು, ಆದರೆ ಸಂಬಳಕ್ಕೆ ಮುಟ್ಟುವ ಹಾಗಿಲ್ಲ. ಅಂದರೆ "ಕೇಂದ್ರದಿಂದ ಇಷ್ಟು ಕೋಟಿ ಬಂತು" ಅಂತ ಪೇಪರಿನಲ್ಲಿ ಓದಿದಾಗ, ರಸ್ತೆಯವರು ಕೈ ಹಾಕಬಹುದಾದದ್ದು ಅದರಲ್ಲಿ ನೂರಕ್ಕೆ ನಲವತ್ತರೊಳಗೆ. ಅದರಲ್ಲೂ ಚರಂಡಿ, ಪಾರ್ಕು, ಸ್ಮಶಾನ ಎಲ್ಲವೂ ಪಾಲು ಕೇಳುತ್ತವೆ. 2026-27ರಿಂದ 16ನೇ ಆಯೋಗದ ಅವಧಿ.

ದೊಡ್ಡ ಮೊತ್ತ ಒಮ್ಮೆಲೇ ಬರೋದು ವಿಶೇಷ ಯೋಜನೆಗಳಲ್ಲಿ. ನಗರೋತ್ಥಾನ ಅಂತ ಫಲಕದಲ್ಲಿ ನೋಡಿರುತ್ತೀರಿ, ಅದು ರಾಜ್ಯ ಸರ್ಕಾರದ ಯೋಜನೆ. ಊರಿನ ಮುಖ್ಯ ಒಳರಸ್ತೆಗಳನ್ನು ಉದ್ದಕ್ಕೂ ಕಾಂಕ್ರೀಟು ಮಾಡಿದ್ದರೆ ಅಥವಾ ಡಾಂಬರು ಹಾಸಿದ್ದರೆ ಅದರಲ್ಲಿ ಬಹಳಷ್ಟು ಇಂಥ ಯೋಜನೆಯದ್ದೇ. ಇದು ವರ್ಷಾ ವರ್ಷ ಬರುವ ದುಡ್ಡಲ್ಲ. ಹಂತ ಹಂತವಾಗಿ, ಕೆಲವು ವರ್ಷಕ್ಕೊಮ್ಮೆ ಬರುತ್ತದೆ.

ಇದರ ಪಕ್ಕದಲ್ಲಿ ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಕರ್ನಾಟಕದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಕೇಳೋಕೆ ದೊಡ್ಡದು. ಆದರೆ ಶಾಸಕರ ಕ್ಷೇತ್ರದಲ್ಲಿ ಪಟ್ಟಣದ ಜೊತೆ ಹತ್ತಾರು ಹಳ್ಳಿಗಳಿವೆ, ಸಂಸದರ ಕ್ಷೇತ್ರ ಜಿಲ್ಲೆಯನ್ನೇ ದಾಟುತ್ತದೆ. ಹಾಗಾಗಿ ಈ ದುಡ್ಡು ಬಸ್ ತಂಗುದಾಣ, ಹೈಮಾಸ್ಟ್ ದೀಪ, ಸಮುದಾಯ ಭವನದಂಥ, ಒಂದೇ ಜಾಗದಲ್ಲಿ ನಿಲ್ಲುವ, ಹೆಸರು ಬರೆಯಲು ಗೋಡೆಯಿರುವ ಕೆಲಸಕ್ಕೆ ಜಾಸ್ತಿ ಹೋಗುತ್ತದೆ. ರಸ್ತೆಯ ಮೇಲೆ ಹೆಸರು ಬರೆದರೆ ಯಾರು ಓದ್ತಾರೆ ಹೇಳಿ!

ರೋಡ್ ಟ್ಯಾಕ್ಸ್ ಕಟ್ಟಿದ್ದೀವಲ್ಲ?

ಈ ಮಾತು ಬಹಳ ಸಲ ಬರುತ್ತದೆ, ಅದಕ್ಕೇ ಬೇರೆ ಹೇಳ್ತಿದ್ದೀನಿ. ಗಾಡಿ ತೆಗೆದುಕೊಂಡಾಗ ಕಟ್ಟುವ ತೆರಿಗೆ ಸಾರಿಗೆ ಇಲಾಖೆಯ ಮೂಲಕ ರಾಜ್ಯದ ಖಜಾನೆಗೆ ಹೋಗುತ್ತದೆ. ಪೆಟ್ರೋಲಿನ ಮಾರಾಟ ತೆರಿಗೆಯೂ ರಾಜ್ಯಕ್ಕೇ. ಪೆಟ್ರೋಲಿನ ಮೇಲೆ ಕೇಂದ್ರ ಹಾಕುವ ರಸ್ತೆ ಸೆಸ್ ಕೇಂದ್ರದ ನಿಧಿಗೆ. ನಗರಸಭೆಗೆ ಇದು ಯಾವುದೂ ನೇರವಾಗಿ ಬರುವುದಿಲ್ಲ, ಬಂದರೆ ಅನುದಾನದ ರೂಪದಲ್ಲಿ, ಸುತ್ತು ಹೊಡೆದು ಬರಬೇಕು.

ನಮ್ಮ ಊರಿಗೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ. ಅನುದಾನ ಹಂಚುವಾಗ ಜನಸಂಖ್ಯೆ ದೊಡ್ಡ ಅಳತೆಗೋಲು. 15ನೇ ಹಣಕಾಸು ಆಯೋಗ ಹಿಡಿದದ್ದು 2011ರ ಜನಗಣತಿಯನ್ನು. ಆಗ ಊರಿನ ಜನ ಸುಮಾರು 1.18 ಲಕ್ಷ. ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿ ಕಡೆ ಹೊರಟು ಊರಿನೊಳಗೆ ಸಾಲುಗಟ್ಟುವ ಕಾರುಗಳು ಜನಗಣತಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ರಸ್ತೆ ಸವೆಯೋದು ಅವುಗಳಿಂದಲೂ ಹೌದಲ್ವಾ.

ಒಂದು ಕೋಟಿಯನ್ನು ಹಂಚಿ ನೋಡೋಣ

ಇನ್ನು ಹಂಚಿಕೆ. ಲೆಕ್ಕ ಮಾಡಿ ನೋಡಿದರೆ ಮಾತ್ರ ಇದರ ಬಿಸಿ ಗೊತ್ತಾಗೋದು. ಮುಕ್ತನಿಧಿಯಲ್ಲಿ ಒಂದು ವರ್ಷ 1 ಕೋಟಿ ರೂಪಾಯಿ ಬಂತು ಅಂತ ಸುಮ್ನೆ ಇಟ್ಟುಕೊಳ್ಳಿ. ನಿಜವಾದ ಮೊತ್ತ ಅಲ್ಲ, ಲೆಕ್ಕಕ್ಕೆ ಸುಲಭ ಅಂತ.

ಮೊದಲು ಕಡ್ಡಾಯ ಮೀಸಲು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಅಭಿವೃದ್ಧಿಗೆ ಶೇ 24.10, ಇತರ ಬಡವರ್ಗದವರಿಗೆ ಶೇ 7.25, ಅಂಗವಿಕಲರ ಕಲ್ಯಾಣಕ್ಕೆ ಶೇ 5. ಮೂರೂ ಸೇರಿದರೆ ಶೇ 36.35. ಅಂದರೆ 36.35 ಲಕ್ಷ ಬೇರೆ ಡಬ್ಬಿಗೆ ಹೋಯ್ತು. ಇದು ರಸ್ತೆಗೆ ಪೂರ್ತಿ ನಷ್ಟ ಅಂತ ಅಲ್ಲ, ಪರಿಶಿಷ್ಟರ ಕಾಲೊನಿಗಳ ರಸ್ತೆ, ಚರಂಡಿ ಕೆಲಸಕ್ಕೂ ಇದರಲ್ಲಿ ಒಂದು ಭಾಗ ಬಳಕೆಯಾಗುತ್ತದೆ. ಆದರೆ ಆ ದುಡ್ಡು ಅಲ್ಲಿಗೇ ಹೋಗಬೇಕು, ಬೇರೆ ಬೀದಿಗೆ ತಿರುಗಿಸುವಂತಿಲ್ಲ.

ಉಳಿದದ್ದು 63.65 ಲಕ್ಷ. ಚಿಕ್ಕಮಗಳೂರು ನಗರಸಭೆಯಲ್ಲಿ 35 ವಾರ್ಡುಗಳು. ಸಮನಾಗಿ ಹಂಚಿದರೆ ಒಂದು ವಾರ್ಡಿಗೆ ಸುಮಾರು 1 ಲಕ್ಷದ 82 ಸಾವಿರ. ಅದೂ ರಸ್ತೆಗೊಂದೇ ಅಲ್ಲ, ಆ ವಾರ್ಡಿನ ಎಲ್ಲ ಕೆಲಸಕ್ಕೂ.

ಈ ದುಡ್ಡಲ್ಲಿ ಇಡೀ ಬೀದಿಗೆ ಕಾಂಕ್ರೀಟು ಹಾಕೋದು ಕನಸು. ಒಂದು ಮೋರಿ ಸರಿಮಾಡಬಹುದು, ಒಂದು ತಿರುವಿನಲ್ಲಿ ತೇಪೆ ಹಾಕಬಹುದು. ಇಲ್ಲಿ ಸದಸ್ಯರ ಮುಂದೆ ಎರಡು ದಾರಿ ಇರುತ್ತದೆ. ಒಂದು, ಎಲ್ಲ ವಾರ್ಡಿಗೂ ಸಮನಾಗಿ ಹಂಚೋದು. ಯಾರಿಗೂ ಬೇಜಾರಿಲ್ಲ, ಎಲ್ಲೂ ದೊಡ್ಡ ಕೆಲಸವೂ ಆಗೋದಿಲ್ಲ. ಎರಡು, ಈ ವರ್ಷ ತೀರಾ ಕೆಟ್ಟಿರುವ ಕೆಲವು ವಾರ್ಡಿಗೆ ಜಾಸ್ತಿ ಕೊಟ್ಟು ಉಳಿದವರು ಕಾಯೋದು. ಕಾಗದದ ಮೇಲೆ ಎರಡನೆಯದೇ ಚೆಂದ. ಆದರೆ ಕಾಯಬೇಕಾದ ಸದಸ್ಯನೂ ತನ್ನ ಬೀದಿಗೆ ಹೋಗಿ ಉತ್ತರ ಹೇಳಬೇಕು, ಮುಂದಿನ ವರ್ಷ ಆ ಡಬ್ಬಿ ಎಷ್ಟು ತುಂಬುತ್ತದೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ದೊಡ್ಡ ರಸ್ತೆ ಬೇಕಾದವರು ಮುಕ್ತನಿಧಿಯನ್ನು ನಂಬಿ ಕೂರುವುದಿಲ್ಲ. ಶಾಸಕರ ಮೂಲಕ ವಿಶೇಷ ಅನುದಾನಕ್ಕೆ ಓಡಾಡುತ್ತಾರೆ.

ತೀರ್ಮಾನ ಆಗೋ ಗಳಿಗೆ: ಕ್ರಿಯಾ ಯೋಜನೆ

ಈ ಇಡೀ ಬರಹದಲ್ಲಿ ಒಂದೇ ಪದ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಕ್ರಿಯಾ ಯೋಜನೆ ಅಂದರೆ, ಈ ಡಬ್ಬಿಯ ಇಷ್ಟು ದುಡ್ಡನ್ನು ಈ ವರ್ಷ ಇಂಥಿಂಥ ಜಾಗದ ಇಂಥಿಂಥ ಕೆಲಸಕ್ಕೆ ಖರ್ಚು ಮಾಡುತ್ತೇವೆ ಅನ್ನುವ ಪಟ್ಟಿ. ಮದುವೆ ಮನೆಯ ಸಾಮಾನಿನ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಬರೆಯದೇ ಇದ್ದದ್ದು ಅಂಗಡಿಯಿಂದ ಬರೋದಿಲ್ಲ.

ಬಜೆಟ್ ಬೇರೆ, ಕ್ರಿಯಾ ಯೋಜನೆ ಬೇರೆ. ಬಜೆಟ್‌ನಲ್ಲಿ "ರಸ್ತೆ ಅಭಿವೃದ್ಧಿಗೆ ಇಷ್ಟು" ಅಂತ ಒಂದು ಸಾಲು ಇರುತ್ತದೆ. ಆ ಅಂಕಿಯಲ್ಲಿ ಬರಬಹುದು ಅಂತ ಅಂದುಕೊಂಡ ಅನುದಾನವೂ ಸೇರಿರುತ್ತದೆ, ವಸೂಲಾಗಬಹುದು ಅಂತ ಅಂದುಕೊಂಡ ಕಂದಾಯವೂ ಸೇರಿರುತ್ತದೆ. "ಉಳಿತಾಯ ಬಜೆಟ್" ಅಂತ ಪೇಪರಿನಲ್ಲಿ ಬಂದರೆ ಖಜಾನೆಯಲ್ಲಿ ನಗದು ಉಳಿದಿದೆ ಅಂತ ತಿಳಿಯಬೇಡಿ. ಅಂದಾಜಿನ ಆದಾಯ ಅಂದಾಜಿನ ಖರ್ಚಿಗಿಂತ ಜಾಸ್ತಿ, ಅಷ್ಟೇ ಅದರ ಅರ್ಥ. ನಿಮ್ಮ ಬೀದಿಯ ಹೆಸರು ಕಾಣೋದು ಕ್ರಿಯಾ ಯೋಜನೆಯಲ್ಲಿ.

ಪಟ್ಟಿ ಹೇಗೆ ತಯಾರಾಗುತ್ತೆ? ವಾರ್ಡಿನ ಸದಸ್ಯರು ತಮ್ಮ ಬೇಡಿಕೆ ಕೊಡುತ್ತಾರೆ. ಎಂಜಿನಿಯರುಗಳು ಜಾಗ ನೋಡಿ ಒಂದು ಅಂದಾಜು ಹಾಕುತ್ತಾರೆ. ನಗರಸಭೆಯ ಸಭೆಯಲ್ಲಿ ಚರ್ಚೆಯಾಗಿ ಒಪ್ಪಿಗೆ ಸಿಗುತ್ತದೆ. ಆ ಸಭೆಯಲ್ಲಿ ಚುನಾಯಿತ ಸದಸ್ಯರ ಜೊತೆ ಶಾಸಕರು, ಸಂಸದರಿಗೂ ಮತ ಇದೆ. ಅಲ್ಲಿಂದ ಪಟ್ಟಿ ಜಿಲ್ಲಾಧಿಕಾರಿ ಕಚೇರಿಗೆ ಅನುಮೋದನೆಗೆ ಹೋಗುತ್ತದೆ. ನಗರೋತ್ಥಾನದಂಥ ಯೋಜನೆಯಾದರೆ ಪಟ್ಟಿ ಅಂತಿಮ ಮಾಡುವಲ್ಲಿ ಜಿಲ್ಲಾ ಉಸ್ತುವಾರಿ ಸಚಿವರ ಪಾತ್ರ ದೊಡ್ಡದು. ಕೌನ್ಸಿಲ್‌ನ ಐದು ವರ್ಷದ ಅವಧಿ ಮುಗಿದು ಚುನಾವಣೆ ಆಗದೇ ಇದ್ದರೆ ಆಡಳಿತಾಧಿಕಾರಿ ಕೂರುತ್ತಾರೆ. ಆಗ "ನಮ್ಮ ಮೆಂಬರ್" ಅಂತ ಹೋಗಿ ಕೇಳೋಕೆ ಯಾರೂ ಇರುವುದಿಲ್ಲ.

ಬಹಳ ಜನ ಎಡವೋದು ಇಲ್ಲೇ. ಭೂಮಿಪೂಜೆ ದಿನ ಎಲ್ಲ ಸೇರಿ, ತೆಂಗಿನಕಾಯಿ ಒಡೆಯುವಾಗ "ನಮ್ಮ ಬೀದಿಯನ್ನೂ ಸೇರಿಸಿ" ಅಂತ ಕೇಳ್ತಾರೆ. ಅಷ್ಟೊತ್ತಿಗೆ ಪಟ್ಟಿ ಮುಚ್ಚಿ ತಿಂಗಳುಗಳೇ ಆಗಿರುತ್ತವೆ.

ಪಟ್ಟಿಯಿಂದ ಜೆಸಿಬಿಯವರೆಗೆ

ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಕಿರಿಯ ಎಂಜಿನಿಯರ್ ಟೇಪು ಹಿಡಿದು ಬರುತ್ತಾರೆ. ಒಂದು ಕಡೆ ಸಹಾಯಕ ಟೇಪಿನ ತುದಿ ಹಿಡಿದಿರುತ್ತಾನೆ, ಇನ್ನೊಂದು ಕಡೆ ಇವರು. ಉದ್ದ, ಅಗಲ, ಎಲ್ಲಿ ಮೋರಿ, ಎಲ್ಲಿ ಕರೆಂಟ್ ಕಂಬ ಎಲ್ಲ ಬರೆದುಕೊಳ್ಳುತ್ತಾರೆ. 200 ಮೀಟರ್ ಉದ್ದ, 5 ಮೀಟರ್ ಅಗಲದ ರಸ್ತೆಗೆ 15 ಸೆಂಟಿಮೀಟರ್ ದಪ್ಪ ಕಾಂಕ್ರೀಟು ಅಂದರೆ 150 ಘನ ಮೀಟರ್ ಕಾಂಕ್ರೀಟು. ಅದಕ್ಕೆ ಸರ್ಕಾರಿ ದರಪಟ್ಟಿಯ ದರ ಹಾಕುತ್ತಾರೆ. ಎಸ್.ಆರ್. ದರ ಅಂತ ಗುತ್ತಿಗೆದಾರರು ಹೇಳೋದು ಇದನ್ನೇ. ಮೇಲೆ ಜಿಎಸ್‌ಟಿ. ಸರ್ಕಾರಿ ಕಾಮಗಾರಿಗೆ ಇದು 2022ರ ಜುಲೈವರೆಗೆ ಶೇ 12 ಇತ್ತು, ಆಮೇಲೆ ಶೇ 18. ತೆರಿಗೆ ಸೇರಿ 10 ಲಕ್ಷದ ಕೆಲಸ ಅಂತ ಫಲಕದಲ್ಲಿ ಬರೆದಿದ್ದರೆ, ಅದರಲ್ಲಿ ಸುಮಾರು ಒಂದೂವರೆ ಲಕ್ಷ ತೆರಿಗೆಯೇ. ಇದರ ಜೊತೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಶೇ 1 ಸೆಸ್. "ಹತ್ತು ಲಕ್ಷದ ರಸ್ತೆ ಇಷ್ಟೇನಾ" ಅಂತ ಮೂಗು ಮುರಿಯುವ ಮೊದಲು ಇದನ್ನು ಕಳೆದು ನೋಡಿ. ಆಮೇಲೂ ಅನುಮಾನ ಉಳಿದರೆ ಅದು ನ್ಯಾಯವಾದ ಅನುಮಾನ.

ಅಂದಾಜಿಗೆ ಎರಡು ಒಪ್ಪಿಗೆ ಬೇಕು. ಲೆಕ್ಕ, ವಿನ್ಯಾಸ ಸರಿ ಇದೆ ಅಂತ ಹೇಳೋದು ತಾಂತ್ರಿಕ ಮಂಜೂರಾತಿ. ಈ ಕೆಲಸಕ್ಕೆ ಈ ದುಡ್ಡು ಖರ್ಚು ಮಾಡಬಹುದು ಅಂತ ಹೇಳೋದು ಆಡಳಿತಾತ್ಮಕ ಅನುಮೋದನೆ.

ಆಮೇಲೆ ಟೆಂಡರ್. ಕರ್ನಾಟಕದಲ್ಲಿ ಇದಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಕಾಮಗಾರಿ 5 ಲಕ್ಷ ದಾಟಿದರೆ ಟೆಂಡರ್ ಕರೆಯಲೇಬೇಕು, ಈಗ ಅದೆಲ್ಲ ಆನ್‌ಲೈನ್. ಅದರೊಳಗಿನ ಕೆಲಸಕ್ಕೆ ವಿನಾಯಿತಿ ಇದೆ. ದೊಡ್ಡ ಕೆಲಸವನ್ನು 5 ಲಕ್ಷದೊಳಗಿನ ತುಂಡುಗಳಾಗಿ ಒಡೆದು ಟೆಂಡರ್ ತಪ್ಪಿಸೋದು ನಿಯಮಕ್ಕೆ ವಿರುದ್ಧ. ತುಂಡು ಗುತ್ತಿಗೆ ಅನ್ನೋ ಮಾತು ಕೇಳಿದರೆ ಜನ ಹುಬ್ಬೇರಿಸೋದು ಇದಕ್ಕೇ. ಕಡಿಮೆ ದರ ಹಾಕಿದವರಿಗೆ ಕೆಲಸ, ಕರಾರು ಪತ್ರ, ಕೊನೆಗೆ ಕಾರ್ಯಾದೇಶ. ಕಾರ್ಯಾದೇಶ ಬಂದ ಮೇಲೆಯೇ ಜೆಸಿಬಿ ಬೀದಿಗೆ ಬರೋದು.

ಕೆಲಸ ನಡೆದ ಹಾಗೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುತ್ತಾ ಹೋಗುತ್ತಾರೆ. ಎಂಬಿ ಬರೆದಾಯ್ತಾ ಅಂತ ಗುತ್ತಿಗೆದಾರರು ಕಾಯೋದು ಇದಕ್ಕೆ. ಆ ಪುಸ್ತಕದಲ್ಲಿ ಇದ್ದಷ್ಟಕ್ಕೆ ಮಾತ್ರ ಬಿಲ್ಲು.

ಮಳೆಗೆ ಸಿಕ್ಕಿಹಾಕಿಕೊಳ್ಳುವ ಲೆಕ್ಕ

ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಶುರು. ಚಿಕ್ಕಮಗಳೂರಿನ ಮಳೆ ಜೂನ್‌ನಲ್ಲಿ ಶುರು. ಇವೆರಡಕ್ಕೂ ಹೊಂದಾಣಿಕೆ ಇಲ್ಲ.

ಅನುದಾನ ಎಷ್ಟು ಅಂತ ಗೊತ್ತಾಗಿ, ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗುವ ಹೊತ್ತಿಗೆ ಮಳೆಗಾಲ. ನಿಜ ಹೇಳಬೇಕು ಅಂದರೆ ಇದು ಒಳ್ಳೆಯದೇ. ಮಳೆ ಸುರಿಯುವ ನಾಲ್ಕು ತಿಂಗಳಲ್ಲಿ ಅಂದಾಜು, ಟೆಂಡರ್ ಎಲ್ಲ ಮುಗಿಸಿದರೆ ನವೆಂಬರ್, ಡಿಸೆಂಬರ್‌ನಲ್ಲಿ ಒಣ ನೆಲದ ಮೇಲೆ ಕೆಲಸ ಶುರು ಮಾಡಬಹುದು. ಕಾಫಿ ಕೊಯ್ಲಿಗೆ ಮುಂಚೆ ಕಣ ಸರಿಮಾಡಿಟ್ಟುಕೊಳ್ಳುವ ಹಾಗೆ. ಆದರೆ ಎಲ್ಲೋ ಒಂದು ಕಡೆ ತಡವಾದರೆ ಸಾಕು. ಟೆಂಡರಿಗೆ ಯಾರೂ ಬರಲಿಲ್ಲ, ಮತ್ತೆ ಕರೆಯಬೇಕಾಯ್ತು. ಇಲ್ಲಾ, ಚುನಾವಣೆಯ ನೀತಿ ಸಂಹಿತೆ ಬಂತು. ಆಗ ಶುರುವಾದ ಕೆಲಸ ಮುಂದುವರಿಸಬಹುದು, ಹೊಸದಕ್ಕೆ ಕೈ ಹಾಕುವಂತಿಲ್ಲ. ಇಂಥದ್ದರಲ್ಲಿ ಎರಡು ಮೂರು ತಿಂಗಳು ಹೋದರೆ ಕೆಲಸ ಮಾರ್ಚ್, ಏಪ್ರಿಲ್‌ಗೆ ಬಂದು ನಿಲ್ಲುತ್ತದೆ. ಎಲ್ಲ ವಾರ್ಡಿನಲ್ಲೂ ಒಟ್ಟಿಗೆ ಅಗೆತ, ಒಟ್ಟಿಗೆ ಧೂಳು. ಮೇ ತಿಂಗಳ ಅಡ್ಡಮಳೆಗೆ ಮೊದಲು ಮುಗಿಸುವ ಆತುರ.

ಡಾಂಬರಿಗೂ ನೀರಿಗೂ ಆಗಿಬರುವುದಿಲ್ಲ. ಮಿಶ್ರಣ ಬಿಸಿ ಇರುವಾಗಲೇ ಒಣ ನೆಲದ ಮೇಲೆ ಹಾಸಿ ರೋಲರ್ ಓಡಿಸಬೇಕು. ತೇವದ ಮೇಲೆ ಹಾಸಿದರೆ ಅದು ಕೆಳಗಿನ ಜಲ್ಲಿಗೆ ಅಂಟಿಕೊಳ್ಳುವುದಿಲ್ಲ, ಮೊದಲ ಮಳೆಗೇ ಹಪ್ಪಳದ ಹಾಗೆ ಏಳುತ್ತದೆ. ಕಾಂಕ್ರೀಟಿಗೆ ಉಲ್ಟಾ, ಅದಕ್ಕೆ ಹಾಕಿದ ಮೇಲೆ ನೀರು ಬೇಕು. ಹೊಸ ಕಾಂಕ್ರೀಟ್ ರಸ್ತೆಯ ಮೇಲೆ ಮಣ್ಣಿನ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸಿರೋದು ನೋಡಿರುತ್ತೀರಿ. ಅದು ಪೂರ್ತಿ ಬಲ ಪಡೆಯಲು 28 ದಿನ ಅಂತ ಲೆಕ್ಕ. ನಾಲ್ಕನೇ ದಿನಕ್ಕೇ ಪಾತಿ ಒಣಗಿದ್ದರೆ, ಬೀದಿಯವರು ಆಗಲೇ ಬಾಯಿ ತೆರೆಯಬೇಕು, ಬಿರುಕು ಬಿಟ್ಟ ಮೇಲಲ್ಲ.

ಹಾಕಿದ ರಸ್ತೆಯನ್ನೇ ಅಗೆಯೋದು ಯಾಕೆ?

ನಾನು ಹಿಂದೆ ಬಾಡಿಗೆಗಿದ್ದ ಒಂದು ಊರು, ಹೆಸರು ಬೇಡ. ಮನೆ ಮುಂದೆ ಚೆಂದದ ಕಾಂಕ್ರೀಟು ರಸ್ತೆ ಆಯ್ತು. ಮಕ್ಕಳು ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಬರೆದು ಆಡುತ್ತಿದ್ದರು. ಮೂರು ತಿಂಗಳಿಗೆ ಸರಿಯಾಗಿ ಕಟರ್ ಮಿಷನ್ ಬಂತು. ಕುಂಟೆಬಿಲ್ಲೆಯ ಮನೆಗಳ ನಡುವೆಯೇ ನೇರ ಗೆರೆ ಎಳೆದು ಕೊಯ್ದು, ನೀರಿನ ಪೈಪು ಹಾಕಿ, ಮೇಲೆ ಮಣ್ಣು ಮುಚ್ಚಿ ಹೋದರು. ಆ ಗೆರೆ ನಾನು ಮನೆ ಖಾಲಿ ಮಾಡುವವರೆಗೂ ಹಾಗೇ ಇತ್ತು.

ಡಬ್ಬಿಗಳ ಕಥೆ ಗೊತ್ತಿದ್ದರೆ ಇದೂ ಅರ್ಥವಾಗುತ್ತದೆ. ರಸ್ತೆಯ ದುಡ್ಡು ಒಂದು ಯೋಜನೆಯದ್ದು, ಪೈಪಿನ ದುಡ್ಡು ಇನ್ನೊಂದರದ್ದು, ಒಳಚರಂಡಿಯದ್ದು ಮತ್ತೊಂದರದ್ದು. ಎಲ್ಲದಕ್ಕೂ ಬೇರೆ ಬೇರೆ ಗುತ್ತಿಗೆದಾರರು, ಬೇರೆ ಬೇರೆ ಗಡುವು. ರಸ್ತೆಯ ದುಡ್ಡು ಈ ವರ್ಷ ಬಂದಿದೆ, ಪೈಪಿನದು ಮುಂದಿನ ವರ್ಷ ಬರಬಹುದು. ಕಾಯೋಣ ಅಂದರೆ ಗಡುವಿನೊಳಗೆ ಖರ್ಚಾಗದ ಅನುದಾನ ಕೈತಪ್ಪುವ ಭಯ. ಸರಿಯಾದ ಕ್ರಮ ಅಂದರೆ ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಕೇಬಲ್ಲು, ಕೊನೆಗೆ ರಸ್ತೆ. ಅಗೆಯುವವರು ಮೊದಲೇ ಅನುಮತಿ ಪಡೆದು, ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚನ್ನು ಕಟ್ಟಬೇಕು ಅಂತ ನಿಯಮ ಇದೆ. ಆ ದುಡ್ಡೂ ನಗರಸಭಾ ನಿಧಿಗೇ ಬೀಳುತ್ತದೆ. ಅದು ಅದೇ ಬೀದಿಗೆ ವಾಪಸ್ ಬರುವ ಹಾಗೆ ನೋಡಿಕೊಳ್ಳೋದು ಬೇರೆಯದೇ ಕೆಲಸ.

ಬಸ್ಸು, ಫುಟ್‌ಪಾತು

ಸಾರಿಗೆಯಲ್ಲಿ ನಗರಸಭೆಯ ಕೈ ಇನ್ನೂ ಚಿಕ್ಕದು. ಸರ್ಕಾರಿ ಬಸ್ಸು ಮತ್ತು ಅದರ ನಿಲ್ದಾಣ ಕೆಎಸ್‌ಆರ್‌ಟಿಸಿಯದ್ದು. ಖಾಸಗಿ ಬಸ್ಸಿನ ಮಾರ್ಗಕ್ಕೆ ಪರವಾನಗಿ ಕೊಡೋದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಎಂ.ಜಿ. ರಸ್ತೆಯಲ್ಲಿ ಯಾವ ಕಡೆ ಪಾರ್ಕಿಂಗ್ ಅಂತ ನೋಡಿಕೊಳ್ಳೋದರಲ್ಲಿ ಸಂಚಾರ ಪೊಲೀಸರದ್ದು ದೊಡ್ಡ ಪಾತ್ರ. ನಗರಸಭೆಗೆ ಉಳಿಯೋದು ತನ್ನ ರಸ್ತೆಗಳ ಫುಟ್‌ಪಾತು, ಬೀದಿದೀಪ, ಕೆಲವು ತಂಗುದಾಣ. ಕ್ರಿಯಾ ಯೋಜನೆಯಲ್ಲಿ ಫುಟ್‌ಪಾತು ಯಾವಾಗಲೂ ಹಿಂದೆ ಬೀಳುತ್ತದೆ. ಕೇಳುವವರು ಕಡಿಮೆ, ಅದೇ ಕಾರಣ ಅಂತ ನನ್ನ ಅನಿಸಿಕೆ. ಗಾಡಿಯವರು ಗಲಾಟೆ ಮಾಡುತ್ತಾರೆ, ನಡೆಯುವವರು ರಸ್ತೆಗಿಳಿದು ನಡೆದುಬಿಡುತ್ತಾರೆ.

ಕೇಳೋದಾದರೆ ಯಾವಾಗ, ಹೇಗೆ?

ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ನಡೆಯುತ್ತದೆ. ಅಲ್ಲಿ ಬಾಯಿಮಾತಿಗಿಂತ ಬರೆದುಕೊಟ್ಟದ್ದು ಗಟ್ಟಿ. ಅದಕ್ಕಿಂತ ಮುಖ್ಯ, ಕ್ರಿಯಾ ಯೋಜನೆ ತಯಾರಾಗುವ ಮೊದಲು ವಾರ್ಡಿನ ಸದಸ್ಯರಿಗೂ ಪೌರಾಯುಕ್ತರಿಗೂ ಒಂದೊಂದು ಅರ್ಜಿ. "ರಸ್ತೆ ಸರಿ ಇಲ್ಲ" ಅಂತ ಬರೆದರೆ ಫೈಲಿನಲ್ಲಿ ಮಲಗುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಮನೆ, ಒಳಚರಂಡಿ ಆಗಿದೆಯಾ, ನೀರು ಯಾವ ಕಡೆ ಹರಿಯುತ್ತೆ, ಇಷ್ಟು ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಕೆಲಸ ಶುರುವಾದರೆ ಫಲಕದ ಫೋಟೊ ತೆಗೆದಿಡಿ. ಯಾವ ಅನುದಾನ, ಎಷ್ಟು ಮೊತ್ತ, ಯಾರು ಗುತ್ತಿಗೆದಾರರು, ಯಾವಾಗ ಮುಗಿಯಬೇಕು ಅಂತ ಅದರಲ್ಲಿರಬೇಕು. ಫಲಕ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ನಿಯಮ. ಹಾಗಾಗಿ ಊರಿನ ಎಲ್ಲ ರಸ್ತೆಯ ಜಾತಕ ಕೇಳಬೇಡಿ. ಒಂದು ಕಾಮಗಾರಿಯ ಹೆಸರು ಹೇಳಿ, ಅದರ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಕೇಳಿ. ಕಾರ್ಯಾದೇಶ ಮತ್ತು ಕರಾರಿನಲ್ಲಿ ದೋಷ ಹೊಣೆ ಅವಧಿ ಅಂತ ಇರುತ್ತದೆ. ಹೊಸ ಮಿಕ್ಸಿಗೆ ವಾರಂಟಿ ಇದ್ದ ಹಾಗೆ. ಆ ಅವಧಿಯೊಳಗೆ ರಸ್ತೆ ಕಿತ್ತುಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು, ಮತ್ತೆ ಯಾವ ಡಬ್ಬಿಗೂ ಕೈ ಹಾಕುವಂತಿಲ್ಲ.

ಭಾವ ಇದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ನಾನು ಮೊದಲು ರಸ್ತೆ ಬಿಟ್ಟುಕೊಟ್ಟ ಕಾಗದ ಹುಡುಕಬೇಕು ಅನ್ನು" ಅಂದರು. ಸೋಮವಾರ ಬಡಾವಣೆಯ ನಾಲ್ಕು ಜನರನ್ನು ಕರೆದುಕೊಂಡು, ನಿವೇಶನ ಮಾರಿದವರ ಮನೆಗೆ ಹೋಗುತ್ತಾರಂತೆ.